ಒದ್ದೆ ಧೂಳಿನ ಜಾಡು: ಹಳೆಯ ಟ್ರ್ಯಾಕ್ಟರಿನ ಡೀಸೆಲ್ ದೋಷಗಳನ್ನು ಸುರಕ್ಷಿತವಾಗಿ ಪತ್ತೆ ಮಾಡುವುದು

ಎರೆ ಹೊಲದಲ್ಲಿ ದುಡಿಯುವ ಟ್ರ್ಯಾಕ್ಟರಿನ ಎಂಜಿನ್ ಮೇಲೆ ಸದಾ ಧೂಳಿನ ಪದರವೊಂದು ಕೂತಿರುತ್ತದೆ. ಡೀಸೆಲ್ ಎಲ್ಲಿ ಜಿನುಗಿದರೂ ಅಲ್ಲಿಯ ಧೂಳು ಕಪ್ಪಾಗಿ, ಅಂಟಂಟಾಗಿ ದೋಷದ ಜಾಗವನ್ನು ತೋರಿಸಿಕೊಡುತ್ತದೆ. ಗ್ಯಾರೇಜಿಗೆ ಒಯ್ಯುವ ಮುನ್ನ ಗಾಡಿಯನ್ನು ಕಾಲುವೆಯಲ್ಲಿ ಇಳಿಸಿ ತೊಳೆಯುವವರು ಆ ಗುರುತನ್ನೇ ಅಳಿಸಿಬಿಡುತ್ತಾರೆ. ಮೊದಲು ನೋಡಿ, ತೊಳೆಯುವುದು ಆಮೇಲೆ.

ಸಿಂಧನೂರು, ಕಾರಟಗಿ, ಸಿರುಗುಪ್ಪದ ಕಡೆ ಎಚ್‌ಎಂಟಿ 2511, ಮಹೀಂದ್ರ ಬಿ-275, ಮ್ಯಾಸಿ 1035ರಂಥ ಹಳೆಯ ಗಾಡಿಗಳು ಇನ್ನೂ ಕೇಜ್ ವೀಲ್ ಕಟ್ಟಿಕೊಂಡು ಗದ್ದೆಗೆ ಇಳಿಯುತ್ತವೆ. ಅವುಗಳ ಎಂಜಿನ್ ಗಟ್ಟಿ. ಆದರೆ ರಬ್ಬರ್ ಪೈಪು, ತಾಮ್ರದ ವಾಷರು, ತಗಡಿನ ಟ್ಯಾಂಕು ಎಂಜಿನ್ನಿನಷ್ಟು ಬಾಳುವುದಿಲ್ಲ.

‘ಡೀಸೆಲ್ ಪೆಟ್ರೋಲಿನ ಹಾಗೆ ಹೊತ್ತುವುದಿಲ್ಲ’ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಮಾಗಿಯ ಬೆಳಗಿಗೆ ಆ ಮಾತು ಸರಿ. ನಮ್ಮ ದೇಶದ ಮಾನದಂಡದ ಪ್ರಕಾರ ಡೀಸೆಲ್ಲಿನ ಜ್ವಲನ ಬಿಂದು ಕನಿಷ್ಠ 35 ಡಿಗ್ರಿ ಸೆಲ್ಸಿಯಸ್ ಇರಬೇಕು. ಅಷ್ಟು ಬಿಸಿಯಾದ ಮೇಲೆ ಅದರಿಂದ ಏಳುವ ಆವಿಗೆ ಕಿಡಿ ತಾಗಿದರೆ ಹೊತ್ತಬಹುದು ಎಂದು ಇದರ ಅರ್ಥ. ರಾಯಚೂರಿನಲ್ಲಿ ಬೇಸಿಗೆಯ ಮಧ್ಯಾಹ್ನ ನೆರಳಿನಲ್ಲಿಯೇ 40 ಡಿಗ್ರಿ ದಾಟುತ್ತದೆ. ಬಾನೆಟ್ ಒಳಗಿನ ಕಾವು ಇನ್ನೂ ಹೆಚ್ಚು. ಭಾರ ಎಳೆಯುವ ಎಂಜಿನ್ನಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಹೊಗೆಯನ್ನು ಸೈಲೆನ್ಸರಿಗೆ ಒಯ್ಯುವ ಕೊಳವೆ) 400 ಡಿಗ್ರಿಯನ್ನೂ ಮೀರಬಹುದು. ಕಿಡಿಯೇ ಇಲ್ಲದೆ ಡೀಸೆಲ್ ತಾನಾಗಿ ಹೊತ್ತಿಕೊಳ್ಳುವ ಉಷ್ಣತೆ ಸುಮಾರು 210ರಿಂದ 250 ಡಿಗ್ರಿ. ಹಾಗಾಗಿ ಎಷ್ಟು ಹನಿ ಸೋರುತ್ತಿದೆ ಎನ್ನುವುದಕ್ಕಿಂತ ಆ ಹನಿ ಎಲ್ಲಿ ಬೀಳುತ್ತಿದೆ ಎಂಬುದನ್ನು ನಾನು ಮೊದಲು ನೋಡುತ್ತೇನೆ.

ಕೈ ಹಾಕುವ ಮೊದಲು

ಬಣವೆ, ಹತ್ತಿಯ ರಾಶಿ, ಕೊಟ್ಟಿಗೆಗಳಿಂದ ದೂರ, ಬಯಲಿನಲ್ಲಿ ಗಾಡಿ ನಿಲ್ಲಿಸಿ. ಹಿಂದಿನ ಸಲಕರಣೆಯನ್ನು ನೆಲಕ್ಕೆ ಇಳಿಸಿ, ಗಾಲಿಗೆ ಕಲ್ಲು ಕೊಡಿ. ಎಂಜಿನ್ ಬಂದ್ ಮಾಡಿ, ಮ್ಯಾನಿಫೋಲ್ಡ್ ತಣಿಯುವವರೆಗೆ ಅರ್ಧ ಗಂಟೆಯಾದರೂ ಬಿಡಿ. ಬ್ಯಾಟರಿಯ ನೆಗೆಟಿವ್ ವೈರನ್ನು ಮೊದಲು ಬಿಚ್ಚಿ. ಹಳೆಯ ಗಾಡಿಗಳಲ್ಲಿ ಸೆಲ್ಫ್ ಮೋಟರಿನ ವೈರಿನ ಮೇಲ್ಹೊದಿಕೆ ಸುಲಿದು ತಾಮ್ರ ಕಾಣುತ್ತಿರುವುದು ಸಾಮಾನ್ಯ. ಡೀಸೆಲ್ ಸೋರುವ ಜಾಗದ ಪಕ್ಕದಲ್ಲಿ ಸ್ಪ್ಯಾನರ್ ಅಲ್ಲಿಗೆ ತಗುಲಿ ಕಿಡಿ ಹಾರಿದರೆ ಅಷ್ಟೇ ಸಾಕು. ಬೀಡಿ, ಕಡ್ಡಿಪೆಟ್ಟಿಗೆ ದೂರ ಇರಲಿ. ಬೆಳಕಿಗೆ ಟಾರ್ಚ್ ಬಳಸಿ. ಒಂದು ಪುಟ್ಟಿ ಒಣ ಮರಳು ಕೈಗೆಟಕುವಂತೆ ಇರಲಿ, ಸಾಧ್ಯವಿದ್ದರೆ ಪುಡಿಯ ಬೆಂಕಿ ಆರಿಸುವ ಸಿಲಿಂಡರ್ ಕೂಡ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಬೆಳಿಗ್ಗೆ ಗಾಡಿಯ ಕೆಳಗೆ ಹನಿ, ಓಡಿಸುವಾಗ ಡೀಸೆಲ್ ವಾಸನೆ

ಇದಕ್ಕೆ ಮೊದಲ ಪರೀಕ್ಷೆ ಬಿಡಿಗಾಸು ಬೇಡದ್ದು. ರಾತ್ರಿ ಗಾಡಿಯ ಕೆಳಗೆ ಒಂದು ಬಿಳಿ ರಟ್ಟು ಅಥವಾ ಗೊಬ್ಬರದ ಚೀಲವನ್ನು ಬಿಚ್ಚಿ ಹಾಸಿ. ಬೆಳಿಗ್ಗೆ ಕಲೆ ಎಲ್ಲಿ ಬಿದ್ದಿದೆ ಎಂದು ನೋಡಿ, ಅದರ ನೇರ ಮೇಲೆ ಒದ್ದೆ ಧೂಳನ್ನು ಹುಡುಕಿ. ಡೀಸೆಲ್ ಕೆಳಕ್ಕೆ ಹರಿಯುತ್ತದೆ, ಆದ್ದರಿಂದ ಒದ್ದೆಯ ತೀರ ಮೇಲಿನ ತುದಿಯೇ ಸೋರುವ ಜಾಗ.

ಟ್ಯಾಂಕಿನ ಕ್ಯಾಪಿನ ಸುತ್ತ ಮಾತ್ರ ಒದ್ದೆಯಿದ್ದರೆ ಅದು ಸೋರಿಕೆಯಾಗಿರಲಾರದು, ತುಂಬಿಸಿದ್ದು ಹೆಚ್ಚಾಗಿರಬಹುದು. 50 ಲೀಟರ್ ಡೀಸೆಲ್ಲಿನ ಬಿಸಿ 20 ಡಿಗ್ರಿ ಏರಿದರೆ ಅದು ಸುಮಾರು ಮುಕ್ಕಾಲು ಲೀಟರಿನಷ್ಟು ಹಿಗ್ಗುತ್ತದೆ. ಬೆಳಗಿನ ತಂಪಿನಲ್ಲಿ ಅಂಚಿನವರೆಗೆ ತುಂಬಿಸಿ ಬಿಸಿಲಿಗೆ ನಿಲ್ಲಿಸಿದರೆ, ಹಿಗ್ಗಿದ್ದು ಕ್ಯಾಪಿನಿಂದ ಹೊರಬಂದು ನೇರ ಎಂಜಿನ್ ಮೇಲೆ ಇಳಿಯುತ್ತದೆ. ಹಲವು ಹಳೆಯ ಮಾದರಿಗಳಲ್ಲಿ ಟ್ಯಾಂಕ್ ಇರುವುದೇ ಎಂಜಿನ್ನಿನ ಮೇಲೆ. ಎರಡು ಬೆರಳಿನಷ್ಟು ಜಾಗ ಬಿಡಿ. ಬಿಸಿ ಎಂಜಿನ್ ಮೇಲೆ ಕ್ಯಾನಿನಿಂದ ಡೀಸೆಲ್ ಸುರಿಯುವುದನ್ನು ಎಂಥ ಅವಸರದಲ್ಲೂ ಮಾಡಬೇಡಿ.

ಟ್ಯಾಂಕಿನ ಕೆಳಗಿನ ಕಾಕ್ (ಡೀಸೆಲ್ ಬಂದ್ ಮಾಡುವ ನಲ್ಲಿ) ಒದ್ದೆಯಾಗಿದ್ದರೆ ಅದರ ನಟ್ಟನ್ನು ಕಾಲು ಸುತ್ತು ಬಿಗಿ ಮಾಡಿ ನೋಡಿ. ನಿಲ್ಲದಿದ್ದರೆ ಒಳಗಿನ ವಾಷರ್ ಹೋಗಿದೆ. ಫಿಲ್ಟರಿನ ಬಟ್ಟಲಿನ ಅಂಚು ಒದ್ದೆಯಾಗಿದ್ದರೆ ರಬ್ಬರ್ ರಿಂಗ್ ತಿರುಚಿ ಕೂತಿದೆ ಅಥವಾ ಒಣಗಿ ಬಿರಿದಿದೆ. ಇವೆಲ್ಲ ಅಗ್ಗದ ಸಾಮಾನು, ಮನೆಯಲ್ಲೇ ಮಾಡಬಹುದಾದ ಕೆಲಸ.

ರಬ್ಬರ್ ಪೈಪನ್ನು ಬೆರಳಿನಿಂದ ಮೆಲ್ಲಗೆ ಬಗ್ಗಿಸಿ ನೋಡಿ. ಬಗ್ಗಿದ ಕಡೆ ಸಣ್ಣ ಬಿರುಕು ಬಿಟ್ಟರೆ ಅದರ ಆಯುಷ್ಯ ಮುಗಿದಿದೆ. ಇಲ್ಲಿ ನನ್ನದೇ ಒಂದು ಅನುಭವ ಹೇಳಬೇಕು. ಎರಡು ವರ್ಷದ ಹಿಂದೆ, ಎಂಜಿನ್ನಿನೊಳಗೆ ಡೀಸೆಲ್ ಸಿಂಪಡಿಸುವ ನಾಜಲ್‌ಗಳಿಂದ ಟ್ಯಾಂಕಿಗೆ ಮರಳುವ ರಿಟರ್ನ್ ಪೈಪು ಹೊಲದಲ್ಲಿ ಬಿರಿದಾಗ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಬಿಗಿದು, ಭತ್ತದ ಹುಲ್ಲು ಸಾಗಿಸುವ ಕೆಲಸ ಮುಂದುವರಿಸಿದ್ದೆ. ನಾಲ್ಕನೆಯ ದಿನ ಸೈಲೆನ್ಸರಿನ ಬುಡದಿಂದ ತೆಳ್ಳಗೆ ಬಿಳಿ ಹೊಗೆ ಏಳುತ್ತಿತ್ತು. ಬಾನೆಟ್ ಎತ್ತಿ ನೋಡಿದರೆ ಆ ಪಟ್ಟಿ ಎರಡರಷ್ಟು ಊದಿ, ಬೆರಳು ಮುಟ್ಟಿಸಿದರೆ ಬೆಲ್ಲದ ಪಾಕದಂತೆ ಜಿಗುಟಾಗಿತ್ತು. ಹನಿ ಮ್ಯಾನಿಫೋಲ್ಡಿನ ಅಂಚಿಗೆ ಬೀಳುತ್ತಿತ್ತು. ಅದಕ್ಕಿಂತ ಒಂದು ಗೇಣು ಕೆಳಗೆ ಹುಲ್ಲಿನ ಚೂರುಗಳು ಗೂಡಿನಂತೆ ಸೇರಿಕೊಂಡಿದ್ದವು. ಹಿಂದೆ ಟ್ರೇಲರಿನಲ್ಲಿ ಇಡೀ ಹೊಲದ ಹುಲ್ಲು ಇತ್ತು. ಆ ದಿನ ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಟ್ಯೂಬಿನ ರಬ್ಬರ್ ಡೀಸೆಲ್ ಕುಡಿದು ಊದಿ ಕೊಳೆಯುತ್ತದೆ. ಡೀಸೆಲ್ ಪೈಪೆಂದೇ ಮಾರುವ ನೈಟ್ರೈಲ್ ರಬ್ಬರಿನದು ತಂದು, ಎರಡೂ ತುದಿಗೆ ಸ್ಕ್ರೂ ಕ್ಲಿಪ್ ಹಾಕಿ. ತಂತಿ ಸುತ್ತಿ ಬಿಗಿದರೆ ಅದು ಪೈಪನ್ನೇ ಕತ್ತರಿಸುತ್ತದೆ.

ಹನಿ ಮ್ಯಾನಿಫೋಲ್ಡ್, ಸೆಲ್ಫ್ ಮೋಟರ್ ಅಥವಾ ಡೈನಮೋ ಮೇಲೆ ಬೀಳುತ್ತಿದ್ದರೆ ಅಲ್ಲಿಗೇ ಕೆಲಸ ನಿಲ್ಲಿಸಿ. ದುರಸ್ತಿಯಾಗುವವರೆಗೆ ಸ್ಟಾರ್ಟ್ ಮಾಡಬೇಡಿ.

ಸ್ಟಾರ್ಟ್ ಆಗುತ್ತದೆ, ಸ್ವಲ್ಪ ಹೊತ್ತಿಗೆ ಉಸಿರುಗಟ್ಟಿದಂತೆ ನಿಲ್ಲುತ್ತದೆ

ಇದಕ್ಕೆ ಎಲ್ಲರೂ ‘ಏರ್ ಹಿಡಿದಿದೆ’, ಅಂದರೆ ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿದೆ, ಎನ್ನುತ್ತಾರೆ. ಅದಕ್ಕೂ ಮೊದಲು ಕ್ಯಾಪ್ ನೋಡಿ. ಡೀಸೆಲ್ ಖಾಲಿಯಾದಂತೆ ಒಳಗೆ ಗಾಳಿ ಬರಲೆಂದು ಕ್ಯಾಪಿನಲ್ಲಿ ಸೂಜಿಯಷ್ಟು ತೂತು ಇರುತ್ತದೆ. ನಮ್ಮ ಎರೆ ಧೂಳಿಗೆ ಡೀಸೆಲ್ ಸೇರಿದರೆ ಅದು ಅರಗಿನಂತೆ ಆ ತೂತಿಗೆ ಕೂತುಬಿಡುತ್ತದೆ. ಗಾಡಿ ನಿಂತ ಕೂಡಲೇ ಕ್ಯಾಪ್ ಸಡಿಲಿಸಿದಾಗ ಗಾಳಿ ಒಳಗೆ ನುಗ್ಗುವ ಸದ್ದು ಬಂದರೆ ದೋಷ ಸಿಕ್ಕಿತು. ತೂತನ್ನು ತಂತಿಯಿಂದ ಬಿಡಿಸಿ, ಕ್ಯಾಪನ್ನು ಡೀಸೆಲ್ಲಿನಲ್ಲಿ ತೊಳೆಯಿರಿ. ಕ್ಯಾಪ್ ಕಳೆದುಹೋಗಿ ಚಿಂದಿ ಬಟ್ಟೆ ತುರುಕಿಕೊಂಡು ಓಡುವ ಗಾಡಿಗಳನ್ನು ನೋಡಿದಾಗ ಸಂಕಟವಾಗುತ್ತದೆ. ಡೀಸೆಲ್ ಹೀರಿಕೊಂಡ ಆ ಚಿಂದಿ ದೀಪದ ಬತ್ತಿಯೇ ಸರಿ.

ಕ್ಯಾಪ್ ಸರಿಯಿದ್ದರೆ ನೀರನ್ನು ಸಂಶಯಿಸಿ. ಫಿಲ್ಟರಿನ ಕೆಳಗಿನ ಸ್ಕ್ರೂ ಸಡಿಲಿಸಿ ಒಂದು ಲೋಟದಷ್ಟನ್ನು ಗಾಜಿನ ಬಾಟಲಿಗೆ ಹಿಡಿದು ಹತ್ತು ನಿಮಿಷ ಅಲುಗಾಡಿಸದೆ ಇಡಿ. ಒಂದು ಲೀಟರ್ ಡೀಸೆಲ್ ಸುಮಾರು 830 ಗ್ರಾಂ ತೂಗುತ್ತದೆ, ಆದ್ದರಿಂದ ನೀರು ಅಡಿಗೆ ಇಳಿದು ಗೆರೆ ಎಳೆದಂತೆ ಬೇರೆಯಾಗಿ ನಿಲ್ಲುತ್ತದೆ. ತುಕ್ಕಿನ ಪುಡಿ ಕಂಡರೆ ಟ್ಯಾಂಕಿನ ಒಳಗೆ ಕೊಳೆತ ಶುರುವಾಗಿದೆ.

ಇದಾದ ಮೇಲೆ ಏರ್. ಇಲ್ಲಿ ಒಂದು ಸೂಕ್ಷ್ಮವಿದೆ. ಟ್ಯಾಂಕಿನಿಂದ, ಡೀಸೆಲ್ ಎಳೆದು ಮುಂದೆ ತಳ್ಳುವ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಸಣ್ಣ ತೂತಿದ್ದರೆ, ಎಂಜಿನ್ ಓಡುವಾಗ ಅದು ಗಾಳಿ ಎಳೆಯುತ್ತದೆ. ನಿಂತಾಗ ಅದೇ ತೂತಿನಿಂದ ಡೀಸೆಲ್ ಹನಿಯುತ್ತದೆ. ಬೆಳಗಿನ ಹನಿಯೂ ಹೊಲದಲ್ಲಿ ಹಿಡಿಯುವ ಏರೂ ಎಷ್ಟೋ ಸಲ ಒಂದೇ ದೋಷದ ಎರಡು ಮುಖ. ದಿನವೂ ಏರ್ ತೆಗೆದು ದುಡಿಯುವವರು ಆ ತೂತನ್ನು ಹಾಗೆಯೇ ಬಿಟ್ಟು, ಬೆಂಕಿಗೆ ದಾರಿ ತೆರೆದಿಟ್ಟಿರುತ್ತಾರೆ.

ಏರ್ ತೆಗೆಯುವುದು ಹೀಗೆ: ಕಾಕ್ ತೆರೆದು, ಮೊದಲ ಫಿಲ್ಟರಿನ ಮೇಲಿನ ಸ್ಕ್ರೂ ಎರಡು ಸುತ್ತು ಸಡಿಲಿಸಿ, ಕೆಳಗೆ ಡಬ್ಬಿ ಹಿಡಿದು, ಕೈ ಪಂಪ್ ಒತ್ತುತ್ತಾ ಹೋಗಿ. ನೊರೆ ನಿಂತು ತಿಳಿ ಡೀಸೆಲ್ ಬಂದಾಗ, ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ. ಆಮೇಲೆ ಎರಡನೆಯ ಫಿಲ್ಟರ್, ಕೊನೆಗೆ, ನಾಜಲ್ಲಿಗೆ ಡೀಸೆಲ್ ತಳ್ಳುವ ದೊಡ್ಡ ಪಂಪಿನ ಸ್ಕ್ರೂ. ತಾಮ್ರದ ವಾಷರ್ ಒಮ್ಮೆ ಬಿಗಿದ ಮೇಲೆ ಗಡುಸಾಗಿ ಮತ್ತೆ ಸರಿಯಾಗಿ ಕೂರುವುದಿಲ್ಲ, ಹೊಸದು ಹಾಕಿ. ಚೆಲ್ಲಿದ್ದನ್ನು ಒರೆಸಿ, ಒರೆಸಿದ ಬಟ್ಟೆಯನ್ನು ಗಾಡಿಯ ಮೇಲೆ ಬಿಡದೆ ದೂರ ಇಡಿ. ಇಷ್ಟಾದ ಮೇಲೂ ಅರ್ಧ ಗಂಟೆಯಲ್ಲಿ ಮತ್ತೆ ನಿಂತರೆ ಫೀಡ್ ಪಂಪಿನ ವಾಲ್ವ್ ಅಥವಾ ಡಯಾಫ್ರಂ (ಒಳಗಿನ ತೆಳು ಪೊರೆ) ಹೋಗಿರಬಹುದು. ಅದು ಮಿಸ್ತ್ರಿಯ ಕೆಲಸ.

ಎಂಜಿನ್ ಏಳುತ್ತಿಲ್ಲವೆಂದು ಏರ್ ಫಿಲ್ಟರಿನ ಬಾಯಿಗೆ ಪೆಟ್ರೋಲ್ ಸುರಿಯುವುದು, ಉರಿಯುವ ಬಟ್ಟೆ ಹಿಡಿಯುವುದು ಎರಡನ್ನೂ ದಯವಿಟ್ಟು ಬಿಡಿ. ಜ್ವಾಲೆ ತಿರುಗಿ ಹೊಡೆಯುವುದು ಮುಖಕ್ಕೆ.

ಓಡುವಾಗ ಮಾತ್ರ ಮಂಜಿನಂಥ ಸಿಂಪಡಿಕೆ

ಪಂಪಿನಿಂದ ನಾಜಲ್‌ಗೆ ಹೋಗುವ ಉಕ್ಕಿನ ಸಣ್ಣ ಪೈಪುಗಳ ಬಳಿ ಹೊಗೆಯಂಥ ತೆಳು ಮಂಜು ಕಂಡರೆ, ಅಥವಾ ಬಾನೆಟ್ಟಿನ ಒಳಮೈಯಲ್ಲಿ ಒಂದೇ ಕಡೆ ಒದ್ದೆಯ ಬೀಸಣಿಗೆ ಮೂಡಿದ್ದರೆ, ಕೂಡಲೇ ಸ್ಟಾಪ್ ಎಳೆಯಿರಿ. ಈ ಬರಹದಲ್ಲಿ ನಾನು ಹೆಚ್ಚು ಹೆದರುವುದು ಇದಕ್ಕೆ.

ಮುಂದಿನ ಟೈರಿನಲ್ಲಿ ಇರುವ ಒತ್ತಡ ಸುಮಾರು 2 ಬಾರ್. ಹಳೆಯ ಎಂಜಿನ್ನಿನ ನಾಜಲ್ ಬಾಯಿ ತೆರೆಯುವುದು ಸಾಮಾನ್ಯವಾಗಿ 175ರಿಂದ 250 ಬಾರ್ ಒತ್ತಡಕ್ಕೆ. ಟೈರಿಗಿಂತ ಸುಮಾರು ನೂರು ಪಟ್ಟು. ಕೂದಲೆಳೆಯಷ್ಟು ಬಿರುಕಿನಿಂದ ಆ ಒತ್ತಡದಲ್ಲಿ ಬರುವ ಡೀಸೆಲ್ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ, ಕೈಗವಸನ್ನೂ ದಾಟುತ್ತದೆ. ಬೆರಳು ಸವರಿ ಸೋರಿಕೆ ಹುಡುಕುವ ಚಾಳಿ ಇಲ್ಲಿ ಬೆರಳನ್ನೇ ಕಳೆಯಬಲ್ಲದು. ಹೊರಗೆ ಕಾಣುವುದು ಇರುವೆ ಕಚ್ಚಿದಷ್ಟು ಚುಕ್ಕೆ. ಮೊದಲ ಗಂಟೆಗಳಲ್ಲಿ ನೋವೂ ಹೆಚ್ಚಿರುವುದಿಲ್ಲ. ಒಳಗೆ ಡೀಸೆಲ್ ನರ, ಸ್ನಾಯುಗಳ ನಡುವೆ ಹರಡಿ ಮಾಂಸವನ್ನು ಕೊಲ್ಲುತ್ತಿರುತ್ತದೆ. ಅರಿಶಿನ ಹಚ್ಚಿ ಮಲಗುವ ಗಾಯ ಇದಲ್ಲ. ಹಿಂಡಬೇಡಿ, ಬಿಸಿ ಶಾಖ ಕೊಡಬೇಡಿ. 108ಕ್ಕೆ ಕರೆ ಮಾಡಿ, ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೆ ಅಂದೇ, ಆಗಲೇ ಹೋಗಿ. ವೈದ್ಯರಿಗೆ ‘ಚುಚ್ಚಿತು’ ಎಂದಷ್ಟೇ ಹೇಳದೆ, ‘ಭಾರಿ ಒತ್ತಡದ ಡೀಸೆಲ್ ಚರ್ಮದೊಳಗೆ ಹೋಗಿದೆ’ ಎಂದು ಬಿಡಿಸಿ ಹೇಳಿ. ಕಣ್ಣಿಗೆ ಸಿಡಿದಿದ್ದರೂ ತಡ ಮಾಡಬೇಡಿ.

ಪತ್ತೆ ಮಾಡುವುದು ಎಂಜಿನ್ ನಿಂತು ತಣಿದ ಮೇಲೆ, ಒದ್ದೆ ಧೂಳನ್ನು ನೋಡಿಯೇ. ಅಷ್ಟರಿಂದ ತಿಳಿಯದಿದ್ದರೆ ಹುಡುಕುವುದನ್ನು ಮಿಸ್ತ್ರಿಗೆ ಬಿಡಿ. ಅವರು ಕನ್ನಡಕ ಹಾಕಿ, ಉದ್ದ ಕೋಲಿಗೆ ಕಟ್ಟಿದ ರಟ್ಟನ್ನು ದೂರದಿಂದ ಹಿಡಿದು ಗುರುತಿಸಲಿ. ದೋಷ ನಟ್ಟಿನಲ್ಲಿದ್ದರೆ, ಎಂಜಿನ್ ನಿಂತಿರುವಾಗ ಎರಡು ಸ್ಪ್ಯಾನರ್ ಹಿಡಿದು ಸಡಿಲಿಸಿ, ಒರೆಸಿ, ಮತ್ತೆ ಕೂರಿಸಿ ಬಿಗಿ ಮಾಡಿ. ಓಡುವ ಎಂಜಿನ್ನಿನಲ್ಲಿ ಬಿಗಿ ಮಾಡಲು ಹೋಗಬೇಡಿ. ಪೈಪೇ ಬಿರಿದಿದ್ದರೆ ಬದಲಾಯಿಸಿ. ಬೆಸುಗೆ, ಅಂಟು, ಪಟ್ಟಿ ಯಾವುದೂ ಆ ಒತ್ತಡ ತಡೆಯುವುದಿಲ್ಲ. ಹೊಸ ಪೈಪು ಅಷ್ಟೇ ಉದ್ದ, ಅಷ್ಟೇ ಒಳ ಅಳತೆಯದಿರಲಿ. ಪೈಪುಗಳನ್ನು ಒಂದಕ್ಕೊಂದು ಹಿಡಿದಿಡುವ ಚಿಕ್ಕ ಕ್ಲಾಂಪನ್ನು ಯಾರೋ ಬಿಚ್ಚಿ ಎಸೆದಿರುತ್ತಾರೆ. ಅದಿಲ್ಲದಿದ್ದರೆ ಪೈಪು ಅದುರಿ ಅದುರಿ ಮತ್ತೆ ಅದೇ ಜಾಗದಲ್ಲಿ ಬಿರಿಯುತ್ತದೆ. ಪಂಪು, ನಾಜಲ್ ಬಿಚ್ಚುವ ಕೆಲಸಕ್ಕೆ ಪರೀಕ್ಷಾ ಯಂತ್ರ ಇರುವ ಪಂಪ್-ನಾಜಲ್ ಅಂಗಡಿಗೇ ಹೋಗಬೇಕು.

ಎಂಜಿನ್ ಆಯಿಲ್ ಸುರಿಯದೆಯೇ ಮಟ್ಟ ಏರುತ್ತಿದೆ

ಆಯಿಲ್ ಕಡಿಮೆಯಾದರೆ ಎಲ್ಲರಿಗೂ ಚಿಂತೆ, ಹೆಚ್ಚಾದರೆ ‘ಒಳ್ಳೆಯದೇ ಆಯಿತು’ ಎಂದುಕೊಳ್ಳುವವರಿದ್ದಾರೆ. ಹೆಚ್ಚಾಗಿದ್ದರೆ ಒಳಗೆ ಡೀಸೆಲ್ ಅಥವಾ ನೀರು ಇಳಿದಿದೆ. ಬಣ್ಣ ಹಾಲು ಬೆರೆತ ಚಹಾದಂತಿದ್ದರೆ ನೀರು. ಕಪ್ಪಾಗಿಯೇ ಇದ್ದು ನೀರಿನಂತೆ ತೆಳ್ಳಗಾಗಿ, ಡೀಸೆಲ್ ವಾಸನೆ ಬಂದರೆ ಡೀಸೆಲ್. ಅಳತೆ ಕಡ್ಡಿಯಿಂದ ಒಂದು ಹನಿಯನ್ನು ಹಳೆಯ ಪತ್ರಿಕೆಯ ಮೇಲೆ ಬಿಡಿ. ಶುದ್ಧ ಆಯಿಲ್ ನಿಧಾನವಾಗಿ, ದಪ್ಪ ಚುಕ್ಕೆಯಾಗಿ ನಿಲ್ಲುತ್ತದೆ. ಡೀಸೆಲ್ ಬೆರೆತದ್ದು ಸುತ್ತ ತೆಳು ಬಳೆಯಂತೆ ಬೇಗ ಹರಡುತ್ತದೆ. ಕಡ್ಡಿಗೆ ಬೆಂಕಿ ತೋರಿಸಿ ಪರೀಕ್ಷಿಸಬೇಡಿ.

ಡಯಾಫ್ರಂ ಇರುವ ಫೀಡ್ ಪಂಪಿನಲ್ಲಿ ಆ ಡಯಾಫ್ರಂ ಹರಿದರೆ ಡೀಸೆಲ್ ನೇರ, ಆಯಿಲ್ ಇರುವ ಚೇಂಬರಿಗೆ ಇಳಿಯುತ್ತದೆ. ದೊಡ್ಡ ಪಂಪಿನ ಸೀಲ್ ಸವೆದಿರಬಹುದು, ನಾಜಲ್ ಹನಿಯುತ್ತಿರಬಹುದು. ತೆಳುವಾದ ಆಯಿಲ್ ಬೇರಿಂಗನ್ನು ಕಾಯುವುದಿಲ್ಲ, ಚೇಂಬರಿನಲ್ಲಿ ಆವಿ ತುಂಬುತ್ತದೆ. ಗದ್ದೆಯ ಕೆಲಸ ಅರ್ಧಕ್ಕೆ ನಿಂತರೂ ನಿಲ್ಲಲಿ, ಗಾಡಿ ಓಡಿಸಬೇಡಿ. ದೋಷ ಸರಿಪಡಿಸದೆ ಆಯಿಲ್ ಮಾತ್ರ ಬದಲಿಸಿದರೆ ಹಣ ನೀರಿಗೆ ಹಾಕಿದಂತೆ.

ಹೊಗೆಯ ಬಣ್ಣ

ಕಪ್ಪು ಹೊಗೆಗೆ ಮೊದಲು ಏರ್ ಫಿಲ್ಟರ್ ಸ್ವಚ್ಛಗೊಳಿಸಿ, ಆಮೇಲೆ ನಾಜಲ್. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಉರಿಯದೆ ಹೊರಹೋಗುತ್ತಿದೆ, ಅಥವಾ ನೀರು ಸೇರಿದೆ. ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ. ಸೈಲೆನ್ಸರಿನಿಂದ ಕಿಡಿ ಹಾರುತ್ತಿದ್ದರೆ ಒಳಗೆ ಮಸಿ ಕಟ್ಟಿದೆ. ಅದನ್ನು ತೆಗೆಸುವವರೆಗೆ ಆ ಗಾಡಿಯನ್ನು ಕಣದ ಹತ್ತಿರ ತರಬೇಡಿ.

ಸ್ಟಾಪ್ ಎಳೆದರೂ ನಿಲ್ಲುವುದಿಲ್ಲ, ವೇಗ ತಾನಾಗಿ ಏರುತ್ತದೆ

ಸ್ಟಾಪ್ ವೈರ್ ತುಂಡಾಗಿ, ಎಂಜಿನ್ ಬದಿಗೆ ಕೈ ಹಾಕಿ ಸಲಾಕೆ ಎಳೆದು ಬಂದ್ ಮಾಡುವ ಗಾಡಿಗಳು ಊರೂರಲ್ಲಿ ಇವೆ. ಫ್ಯಾನಿನ ಪಕ್ಕದ ಆ ಕೆಲಸದಲ್ಲಿ ಅಂಗಿಯ ತೋಳು ಸಿಕ್ಕರೆ ಮುಗಿಯಿತು. ಹೊಸ ವೈರ್ ಹಾಕಿಸಿ. ಈ ಕೈಪಿಡಿಯ ಯಾವ ಪರೀಕ್ಷೆಗೂ ಮೊದಲು ಸ್ಟಾಪ್ ಸರಿಯಿದೆ ಎಂದು ಖಾತ್ರಿ ಮಾಡಿಕೊಳ್ಳಿ.

ವೇಗ ಹುಚ್ಚೆದ್ದು ಏರುವುದು ಬೇರೆ. ಪಂಪಿನ ಒಳಗೆ ಡೀಸೆಲ್ ಹೆಚ್ಚು ಕಡಿಮೆ ಮಾಡುವ ರ‍್ಯಾಕ್ ಅಂಟಿಕೊಂಡಿರಬಹುದು, ಅಥವಾ ಎಂಜಿನ್ ಡೀಸೆಲ್ ಬಿಟ್ಟು ಆಯಿಲನ್ನೇ ಹೀರಿ ಓಡುತ್ತಿರಬಹುದು. ಆಯಿಲ್ ಇರುವ ಹಳೆಯ ಏರ್ ಫಿಲ್ಟರಿನಲ್ಲಿ ಗುರುತಿನ ಗೆರೆಗಿಂತ ಹೆಚ್ಚು ಆಯಿಲ್ ತುಂಬಿಸಿದರೂ ಹೀಗಾಗುತ್ತದೆ. ಆಯಿಲ್ ಹೀರಿ ಓಡುತ್ತಿರುವಾಗ ಡೀಸೆಲ್ ಕಾಕ್ ಬಂದ್ ಮಾಡುವುದರಿಂದ ಪ್ರಯೋಜನವಿಲ್ಲ. ಗಾಳಿ ಎಳೆಯುವ ಬಾಯಿಯನ್ನು ದಪ್ಪ ಹಲಗೆಯಿಂದ ಪೂರ್ತಿ ಮುಚ್ಚಬೇಕು. ಅಂಗೈ ಇಡಬೇಡಿ, ಸಡಿಲ ಬಟ್ಟೆಯನ್ನೂ ಇಡಬೇಡಿ, ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಬಾಯಿ ಕೈಗೆ ಎಟುಕದಿದ್ದರೆ, ಸದ್ದು ಕಿವಿ ಸೀಳುವಷ್ಟು ಏರಿದ್ದರೆ, ದೂರ ಓಡಿ. ಎಂಜಿನ್ ಒಡೆದು ಚೂರು ಸಿಡಿಯಬಹುದು. ಎಂಜಿನ್ ಹೋದರೆ ಹೋಗಲಿ.

ಹೊತ್ತಿಕೊಂಡರೆ

ಎಂಜಿನ್ ಬಂದ್ ಮಾಡಿ, ಟ್ಯಾಂಕಿನ ಕಾಕ್ ಕೈಗೆ ಎಟುಕಿದರೆ ಮಾತ್ರ ಮುಚ್ಚಿ. ಮರಳು ಅಥವಾ ಮಣ್ಣು ಎರಚಿ, ಇಲ್ಲವೇ ಪುಡಿಯ ಸಿಲಿಂಡರ್ ಬಳಸಿ. ಬಕೆಟ್ಟಿನಿಂದ ನೀರು ಸುರಿದರೆ ಉರಿಯುವ ಡೀಸೆಲ್ ನೀರಿನ ಮೇಲೆ ತೇಲಿ ಹರಡುತ್ತದೆ. ಬಾನೆಟ್ಟನ್ನು ಒಮ್ಮೆಲೇ ಎತ್ತಬೇಡಿ, ಗಾಳಿ ನುಗ್ಗಿ ಜ್ವಾಲೆ ಮುಖಕ್ಕೆ ಬರುತ್ತದೆ. ಟ್ಯಾಂಕಿನವರೆಗೆ ಬೆಂಕಿ ಬಂದಿದ್ದರೆ ಜನರನ್ನು ದೂರ ಸರಿಸಿ, 112ಕ್ಕೆ ಕರೆ ಮಾಡಿ.

ಟ್ಯಾಂಕೇ ಸೋರುತ್ತಿದೆ

ಸೂಜಿಯಷ್ಟು ತೂತಿಗೆ ಬಟ್ಟೆ ಸಾಬೂನನ್ನು ತಿಕ್ಕಿ ತುಂಬುವುದು ನಮ್ಮ ಹಿರಿಯರ ಉಪಾಯ. ಡೀಸೆಲ್ಲಿನಲ್ಲಿ ಸಾಬೂನು ಕರಗುವುದಿಲ್ಲವಾದ್ದರಿಂದ ಅದು ಹಿಡಿಯುತ್ತದೆ. ಆದರೆ ಹೊಲದಿಂದ ಮನೆಗೆ ಗಾಡಿ ತರುವಷ್ಟು ಹೊತ್ತಿಗೆ ಮಾತ್ರ ಅದನ್ನು ನಂಬಿ.

ಟ್ಯಾಂಕ್ ಖಾಲಿ ಮಾಡುವಾಗ ಪೈಪಿಗೆ ಬಾಯಿ ಹಚ್ಚಿ ಎಳೆಯಬೇಡಿ. ಒಂದು ಗುಟುಕು ಡೀಸೆಲ್ ಶ್ವಾಸನಾಳಕ್ಕೆ ಇಳಿದರೆ ಪುಪ್ಪುಸ ಉರಿದು ಪ್ರಾಣಕ್ಕೆ ಬರುತ್ತದೆ. ಯಾರಾದರೂ ನುಂಗಿದ್ದರೆ ವಾಂತಿ ಮಾಡಿಸಬಾರದು. ವಾಂತಿಯ ಜೊತೆ ಅದು ಮತ್ತೆ ಪುಪ್ಪುಸಕ್ಕೆ ಹೋಗುತ್ತದೆ. ಸೀದಾ ಆಸ್ಪತ್ರೆಗೆ ಕರೆದೊಯ್ಯಿರಿ. ಕೆಳಗಿನ ಕಾಕಿನಿಂದಲೇ ಕ್ಯಾನಿಗೆ ಇಳಿಸಿ, ಕ್ಯಾನಿನ ಮೇಲೆ ಗುರುತು ಬರೆಯಿರಿ. ನೀರಿನ ಬಾಟಲಿಗೆ ತುಂಬಿಟ್ಟರೆ ಮಕ್ಕಳು ಕುಡಿಯುತ್ತಾರೆ.

ಇನ್ನು ವೆಲ್ಡಿಂಗ್. ‘ಖಾಲಿ ಮಾಡಿದ್ದೇವೆ, ಏನೂ ಆಗುವುದಿಲ್ಲ’ ಎಂದು ಟ್ಯಾಂಕನ್ನು ನೇರ ವೆಲ್ಡಿಂಗ್ ಅಂಗಡಿಗೆ ಒಯ್ಯುತ್ತಾರೆ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಹೆಚ್ಚು ಅಪಾಯಕಾರಿ. ಒಳಗೋಡೆಗೆ ಅಂಟಿದ ಡೀಸೆಲ್ ಪದರ ಕಾವಿಗೆ ಆವಿಯಾಗಿ, ಒಳಗಿನ ಗಾಳಿಯೊಡನೆ ಸೇರಿ, ಟ್ಯಾಂಕ್ ಬಾಂಬಿನಂತೆ ಸಿಡಿಯುತ್ತದೆ. ಒಂದೆರಡು ಸಲ ನೀರು ಹಾಕಿ ಕುಲುಕಿದರೆ ಆ ಪದರ ಹೋಗುವುದಿಲ್ಲ. ಇಂಧನ ಟ್ಯಾಂಕುಗಳನ್ನು ಕ್ರಮವಾಗಿ ಶುದ್ಧಗೊಳಿಸಿಯೇ ಬೆಸೆಯುವ ಅನುಭವಿಗಳು ಸಿಗದಿದ್ದರೆ ಬೇರೆ ಟ್ಯಾಂಕ್ ಕೊಳ್ಳಿ. ಹಳೆಯ ಮಾದರಿಗಳಿಗೆ ಸೆಕೆಂಡ್‌ಹ್ಯಾಂಡ್ ಟ್ಯಾಂಕುಗಳು ಗುಜರಿಯಲ್ಲಿ ಸಿಗುತ್ತವೆ. ಅದು ಬರುವವರೆಗೆ ಪ್ಲಾಸ್ಟಿಕ್ ಕ್ಯಾನನ್ನು ಬಾನೆಟ್ ಮೇಲೆ ಕಟ್ಟಿ ಓಡಿಸುವ ಯೋಚನೆ ಬೇಡ, ಬಿಸಿಗೆ ಅದು ಮೆತ್ತಗಾಗಿ ಎಂಜಿನ್ ಮೇಲೆಯೇ ಸುರಿಯುತ್ತದೆ.

ಟ್ಯಾಂಕ್ ಮರಳಿ ಕೂರಿಸುವಾಗ ಅದರ ಕೆಳಗಿನ ರಬ್ಬರ್ ಪ್ಯಾಡುಗಳನ್ನು ಮರೆಯದೆ ಇಡಿ. ತಗಡಿಗೆ ತಗಡು ತಿಕ್ಕಿಯೇ ಹೆಚ್ಚಾಗಿ ಆ ಮೊದಲ ತೂತು ಬಿದ್ದಿರುತ್ತದೆ.